ನೋವು ಗೊರಸಲ್ಲಿ, ಬೇರು ಗೋದಲಿಯಲ್ಲಿ

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದವರಲ್ಲಿ ಗಂಧವಾರಣ ಬಸದಿಯ ಬಳಿಯ ಕಂಬವೊಂದನ್ನು ನೋಡದೆ ಇಳಿದುಬರುವವರೇ ಹೆಚ್ಚು. ಅದರ ಮೇಲಿರುವುದು ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರನ ಶಾಸನ. ಮೂರನೆಯ ಕೃಷ್ಣನ ಮೊಮ್ಮಗನಾದ ಈತ ಕೈಜಾರಿದ ರಾಜ್ಯದ ಆಸೆ ಬಿಟ್ಟು ಇಲ್ಲಿಗೆ ಬಂದ. ಎದುರಿನ ದೊಡ್ಡಬೆಟ್ಟದಲ್ಲಿ ಗೊಮ್ಮಟ ರೂಪುಗೊಂಡ ಆಸುಪಾಸಿನ ವರ್ಷಗಳಲ್ಲೇ, ಕ್ರಿ.ಶ. 982ರಲ್ಲಿ, ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಸಾವಿನ ಶಾಸನದ ತುಂಬ ವೈರಾಗ್ಯದ ಮಾತೇ ಇರುತ್ತದೆ ಎಂದುಕೊಂಡರೆ ಇಲ್ಲಿ ಹಾಗಿಲ್ಲ. ಕುದುರೆಯ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವ ಆಟದಲ್ಲಿ ಇಂದ್ರ ಎಂಥ ನಿಪುಣ, ಎಡಕ್ಕೂ ಬಲಕ್ಕೂ ಹೇಗೆ ಸುತ್ತು ಹಾಕುತ್ತಿದ್ದ ಎಂಬುದನ್ನೂ ಕವಿ ಮನದಣಿಯೆ ವರ್ಣಿಸಿದ್ದಾನೆ.

ಅಂಥ ಆಟದಲ್ಲಿ ಸವಾರನ ಕೀರ್ತಿಯೆಲ್ಲ ನಿಂತಿರುವುದು ಕುದುರೆಯ ನಾಲ್ಕು ಗೊರಸುಗಳ ಮೇಲೆ. ಆ ಗೊರಸು ಕೈಕೊಡುವ ರೀತಿಯೂ ವಿಚಿತ್ರ. ನಿನ್ನೆ ಸಂಜೆ ನೆಟ್ಟಗೆ ಓಡಾಡಿದ ಕುದುರೆ ಇಂದು ಬೆಳಿಗ್ಗೆ ಹೆಜ್ಜೆ ಎತ್ತಲಾರದೆ ನಿಂತುಬಿಡುತ್ತದೆ. ಗಾಯವಿಲ್ಲ, ಬಾವಿಲ್ಲ, ಮುಳ್ಳು ಚುಚ್ಚಿಲ್ಲ. ಲಾಳ ಹೊಡೆಸದ ಬರಿಗಾಲ ಕುದುರೆಯಾದರಂತೂ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಲಾಳ ಇಲ್ಲ, ಕಲ್ಲು ಒತ್ತಿದೆ. ಕಲ್ಲು ಒತ್ತಿರಲೂಬಹುದು. ಆದರೆ ಈ ಹಠಾತ್ ನೋವಿನ ಹಿಂದಿರುವ ದೊಡ್ಡ ಕಾರಣವೊಂದು ಕಲ್ಲಿನಲ್ಲೂ ಇಲ್ಲ, ಲಾಳದಲ್ಲೂ ಇಲ್ಲ. ಅದನ್ನು ಪತ್ತೆಹಚ್ಚಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಪತ್ತೆಯಾದದ್ದು 2007ರಲ್ಲಿ, ಆಸ್ಟ್ರೇಲಿಯದಲ್ಲಿ. ಸುಳಿವುಗಳು ಮಾತ್ರ ಅದಕ್ಕೂ ಬಹಳ ಹಿಂದೆಯೇ ಅಲ್ಲಲ್ಲಿ ಬಿದ್ದಿದ್ದವು, ನಮ್ಮ ದಕ್ಷಿಣದ ಲಾಯಗಳಲ್ಲೂ.

ಬೆಣ್ಣೆ ಬೆರೆಸಿದ ಕಾಳು

ದಕ್ಷಿಣದ ಅರಸರಿಗೆ ಒಳ್ಳೆಯ ಕುದುರೆ ಎಂದರೆ ಕಡಲಾಚೆಯ ಸರಕು. ದೋರಸಮುದ್ರದ ಹೊಯ್ಸಳರಿಗೂ ಮಧುರೆಯ ಪಾಂಡ್ಯರಿಗೂ ವ್ಯಾಪಾರಿಗಳೇ ಅದನ್ನು ಒದಗಿಸುತ್ತಿದ್ದರು. ವಿಜಯನಗರದ ಕಾಲಕ್ಕೆ ಭಟ್ಕಳ ಕುದುರೆ ಇಳಿಯುವ ಹೆಸರಾಂತ ಬಂದರು. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿರುವಂತೆ, ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು. ಅಷ್ಟು ಬೆಲೆ ತೆತ್ತು ತಂದ ಪ್ರಾಣಿಗಳು ಇಲ್ಲಿ ಬಾಳುತ್ತಿರಲಿಲ್ಲ. ಪ್ರತಿ ವರ್ಷ ಹೊಸದಾಗಿ ತರಿಸಬೇಕಿತ್ತು.

ಏಕೆ ಬಾಳುತ್ತಿರಲಿಲ್ಲ ಎಂಬುದಕ್ಕೆ ಇಬ್ಬರು ಪರದೇಶಿಗಳು ಸಾಕ್ಷಿ ಬಿಟ್ಟುಹೋಗಿದ್ದಾರೆ. 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿ ಕಂಡ ಮಾರ್ಕೊ ಪೋಲೊ, ಇಲ್ಲಿನವರು ಕುದುರೆಗೆ ಅನ್ನದ ಜೊತೆ ಬೇಯಿಸಿದ ಮಾಂಸ ಹಾಕುತ್ತಾರೆ ಎಂದು ಬೆರಗಾದ. ಕುದುರೆಯ ಆರೈಕೆ ಬಲ್ಲ ನಾಲಬಂದರು ಇಲ್ಲಿಲ್ಲ, ಅಂಥವರು ಇಲ್ಲಿಗೆ ಬಾರದಂತೆ ವ್ಯಾಪಾರಿಗಳೇ ತಡೆಯುತ್ತಾರೆ ಎಂದೂ ಬರೆದ. ಕುದುರೆ ಬದುಕಿಬಿಟ್ಟರೆ ಮುಂದಿನ ವರ್ಷ ಮಾರಾಟ ಎಲ್ಲಿಂದ? ಕೆಲವೇ ವರ್ಷಗಳ ನಂತರ ಪಾರಸಿ ಇತಿಹಾಸಕಾರ ವಸ್ಸಾಫ್ ಇನ್ನೂ ವಿವರವಾಗಿ ದಾಖಲಿಸಿದ. ಹಸಿ ಬಾರ್ಲಿಯ ಬದಲು ಹುರಿದ ಬಾರ್ಲಿ, ಬೆಣ್ಣೆ ಬೆರೆಸಿದ ಕಾಳು, ಕುಡಿಯಲು ಕಾಯಿಸಿದ ಹಸುವಿನ ಹಾಲು. ಗೂಟಕ್ಕೆ ಹಗ್ಗ ಬಿಗಿದು ನಲವತ್ತು ದಿನ ಲಾಯದಲ್ಲಿ ಕಟ್ಟಿ ಕೊಬ್ಬಿಸುವುದು, ಆಮೇಲೆ ಪಳಗಿಸದೆ ಏಕಾಏಕಿ ಓಡಿಸುವುದು. ಗಾಳಿಯಂತೆ ಓಡುತ್ತಿದ್ದ ಕುದುರೆ ಸ್ವಲ್ಪ ಕಾಲದಲ್ಲೇ ನಿಧಾನವಾಗಿ, ನಿಶ್ಶಕ್ತವಾಗಿ, ಕೆಲಸಕ್ಕೆ ಬಾರದಂತಾಗುತ್ತದೆ ಎಂದು ಅವನ ತೀರ್ಮಾನ.

ಇದು ದಕ್ಷಿಣದವರ ಅಜ್ಞಾನ ಎಂದು ಬೊಟ್ಟು ಮಾಡಬೇಕಿಲ್ಲ. ರಾಜನ ಕುದುರೆಗೆ ರಾಜಭೋಗವೇ ಸಲ್ಲಬೇಕು ಎಂಬುದು ಹಳೆಯ ನಂಬಿಕೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆ ಕೊಟ್ಟ ಪಟ್ಟಿ ನೋಡಿದರೆ, ಉತ್ತಮ ಕುದುರೆಗೆ ಎರಡು ದ್ರೋಣ ಧಾನ್ಯದ ಜೊತೆಗೆ ಎಣ್ಣೆ, ಮಾಂಸ, ಮೊಸರು, ಸಕ್ಕರೆ, ಸುರೆ ಎಲ್ಲವೂ ಇವೆ. ಕನ್ನಡದವರೂ ಪಶುವೈದ್ಯದಲ್ಲಿ ಹಿಂದೆ ಬಿದ್ದವರಲ್ಲ. ಚಾಲುಕ್ಯ ಮನೆತನದ ಕೀರ್ತಿವರ್ಮ 12ನೇ ಶತಮಾನದಲ್ಲಿ ‘ಗೋವೈದ್ಯ’ ಬರೆದ. ಅಭಿನವಚಂದ್ರ ಕುದುರೆಯ ಶಾಸ್ತ್ರವನ್ನೇ ಕನ್ನಡಕ್ಕೆ ತಂದ. 17ನೇ ಶತಮಾನದಲ್ಲಿ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಬಂತು. ಹೈದರ್ ಮತ್ತು ಟಿಪ್ಪು ಕಾಲದಿಂದ ಕುದುರೆ ಬೆಳೆಸುತ್ತ ಬಂದಿರುವ ಕುಣಿಗಲ್ ಫಾರಂ ಇರುವುದೂ ಬೆಳಗೊಳದಿಂದ ಹಿರೀಸಾವೆ, ಬೆಳ್ಳೂರು ಕ್ರಾಸ್ ದಾಟಿ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ.

ಗ್ರೀಕರಿಗೂ ಒಂದು ಎಳೆ ಸಿಕ್ಕಿತ್ತು. ಲಾಯದಲ್ಲಿ ಕಟ್ಟಿ ಮೇಯಿಸುವ ಕುದುರೆಗೆ ಬರುವ ‘ಬಾರ್ಲಿ ರೋಗ’ವನ್ನು ಅರಿಸ್ಟಾಟಲ್ ಹೆಸರಿಸಿದ್ದ. ಕಾಳು ಹೆಚ್ಚಾದರೆ ಕುದುರೆ ಕೆಡುತ್ತದೆ ಎಂಬ ಅನುಭವ ಹೀಗೆ ಎಲ್ಲ ಕಡೆಯೂ ಇತ್ತು. ಹೊಟ್ಟೆಗೆ ಹೋದ ಕಾಳು ಕಾಲಿನ ತುದಿಯನ್ನು ಹೇಗೆ ಮುಟ್ಟುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಗೊರಸಿನ ಒಳಗೆ

ಕುದುರೆ ನಿಲ್ಲುವುದು ಒಂದೊಂದು ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ. ಆ ಬೆರಳಿನ ಕೊನೆಯ ಮೂಳೆ ಗೊರಸಿನೊಳಗೆ ಅಡಗಿದೆ. ಅದು ಅಂಗಾಲಿನ ಮೇಲೆ ಕೂತಿದೆ ಎಂದು ನಮಗೆ ಅನ್ನಿಸುತ್ತದೆ. ನಿಜದಲ್ಲಿ ಅದು ಗೊರಸಿನ ಗೋಡೆಗೆ ನೇತುಬಿದ್ದಿದೆ. ಗೋಡೆಯ ಒಳಮೈಯಿಂದ ಹೊರಟ 550ರಿಂದ 600 ತೆಳು ಪದರಗಳು, ಮೂಳೆಯ ಕಡೆಯಿಂದ ಬಂದ ಅಷ್ಟೇ ಪದರಗಳ ನಡುವೆ ಸೇರಿಕೊಂಡಿವೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದು ತೂರಿಸಿ ಒತ್ತಿದರೆ ಎಳೆದರೂ ಬಿಡದು, ಹಾಗೆ. ಪ್ರತಿ ಪದರದ ಮೇಲೆ ಮತ್ತೆ ನೂರಾರು ಉಪಪದರ. ಎಲ್ಲವನ್ನೂ ಬಿಡಿಸಿ ಹರಡಿದರೆ ಒಂದು ಗೊರಸಿನೊಳಗೆ ಒಂದು ಚದರ ಮೀಟರಿಗೆ ತುಸು ಕಡಿಮೆಯಷ್ಟು ಹಿಡಿತದ ಜಾಗ ಸಿಗುತ್ತದೆ. ನಾಲ್ಕೈದು ಕ್ವಿಂಟಲ್ ತೂಕದ ಪ್ರಾಣಿ ಕಲ್ಲುನೆಲದ ಮೇಲೆ ನಾಗಾಲೋಟದಲ್ಲಿ ಓಡಬಲ್ಲದ್ದು ಈ ಹಿಡಿತದ ಬಲದಿಂದ.

ಹಿಡಿತ ಸಡಿಲಾದರೆ ಮೂಳೆ ಜಾರುತ್ತದೆ, ಕೆಲವೊಮ್ಮೆ ತುದಿ ಕೆಳಗೆ ತಿರುಗಿ ಅಂಗಾಲನ್ನೇ ಒತ್ತುತ್ತದೆ. ಹೊರಗಿನ ಗಟ್ಟಿ ಗೋಡೆ ಉಬ್ಬಲು ಬಿಡುವುದಿಲ್ಲ, ಆದ್ದರಿಂದ ನೋವು ಒಳಗೇ ಕುದಿಯುತ್ತದೆ. ಇದೇ ಲ್ಯಾಮಿನೈಟಿಸ್. ಇದು ಬಂದ ಕುದುರೆಯನ್ನು ದೂರದಿಂದಲೇ ಗುರುತಿಸಬಹುದು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿ ನಿಂತಿರುತ್ತದೆ. ನಡೆಸಿದರೆ ಮೊಟಕು ಹೆಜ್ಜೆ. ತಿರುಗಿಸಿದರೆ ಮುಂಗಾಲಿನ ಮೇಲೆ ಭಾರ ಬೀಳದಂತೆ ಒದ್ದಾಡುತ್ತದೆ.

ಹೊಟ್ಟೆಯ ದಾರಿ

ಈ ಒಳಪದರಗಳನ್ನು ಸೂಕ್ಷ್ಮದರ್ಶಕದಡಿ ಕ್ರಮವಾಗಿ ನೋಡಿದವರಲ್ಲಿ ಸ್ವೀಡನ್ನಿನ ನೀಲ್ಸ್ ಓಬೆಲ್ ಮುಖ್ಯ. 1948ರಲ್ಲಿ ಪ್ರಕಟವಾದ ತನ್ನ ಅಧ್ಯಯನದಲ್ಲಿ ಅವನು ನೋವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ. ನಿಂತಲ್ಲೇ ಕಾಲು ಬದಲಿಸುತ್ತಿದ್ದರೆ ಒಂದನೆಯದು. ನಡೆ ಸೆಟೆದುಕೊಂಡರೂ ಕಾಲೆತ್ತಲು ಬಿಟ್ಟರೆ ಎರಡನೆಯದು. ಕಾಲು ಮುಟ್ಟಗೊಡದಿದ್ದರೆ ಮೂರನೆಯದು. ಬಲವಂತ ಮಾಡಿದರಷ್ಟೇ ಕದಲಿದರೆ ನಾಲ್ಕನೆಯದು. ಪಶುವೈದ್ಯರು ಇಂದಿಗೂ ಓಬೆಲ್ ದರ್ಜೆಯ ಲೆಕ್ಕದಲ್ಲೇ ಮಾತಾಡುತ್ತಾರೆ.

ಮುಂದಿನ ಹೆಜ್ಜೆ ಅಮೆರಿಕದಲ್ಲಿ. ಗಾರ್ನರ್ ಮತ್ತು ಸಂಗಡಿಗರು 1975ರಲ್ಲಿ ಮೆಕ್ಕೆಜೋಳದ ಪಿಷ್ಟದ ಗಂಜಿಯನ್ನು ಕೊಳವೆಯಿಂದ ಕುದುರೆಯ ಹೊಟ್ಟೆಗಿಳಿಸಿ ಬೇಕೆಂದಾಗ ಲ್ಯಾಮಿನೈಟಿಸ್ ತರಿಸುವ ವಿಧಾನ ಪ್ರಕಟಿಸಿದರು. ಬಾರ್ಲಿ ರೋಗ ಹೀಗೆ ಪ್ರಯೋಗಶಾಲೆಗೆ ಬಂತು. ಜೀರ್ಣವಾಗದ ಪಿಷ್ಟ ಕುದುರೆಯ ದೊಡ್ಡ ಕರುಳನ್ನು ತಲುಪುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸುತ್ತವೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ, ಕರುಳಿನ ಒಳಪೊರೆ ಹಾಳಾಗಿ ವಿಷವಸ್ತು ರಕ್ತ ಸೇರುತ್ತದೆ, ಜ್ವರ ಮತ್ತು ಭೇದಿಯ ಹಿಂದೆಯೇ ಗೊರಸಿನ ನೋವು ಬರುತ್ತದೆ.

ಹಾಸನ ಸೀಮೆಯ ಹೈನುಗಾರರಿಗೆ ಈ ದಾರಿ ಹೊಸದೇನಲ್ಲ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ತಂದು ಹಸುವಿನ ಬಾನಿಗೆ ಸುರಿದರೆ ಮರುದಿನ ಹಸು ಮೇವು ಬಿಟ್ಟು ಮಲಗುತ್ತದೆ, ಕೆಲವೊಮ್ಮೆ ಮೇಲೇಳುವುದೇ ಇಲ್ಲ. ಬದುಕುಳಿದ ಹಸು ಕೆಲವು ವಾರ ಕಳೆದು ಕುಂಟುವುದೂ ಉಂಟು. ಹಾಲಿನ ಆಸೆಗೆ ಹಿಂಡಿ ಹೆಚ್ಚಿಸಿ ಒಣಹುಲ್ಲು ಕಡಿಮೆ ಮಾಡಿದ ಮಿಶ್ರತಳಿ ಹಸುಗಳ ಗೊರಸು ಕೆಡುವುದೂ ಇದೇ ಜಾಡಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹಳ್ಳಿಕಾರ್ ಎತ್ತು ಕಟ್ಟುವವರಿಗೆ ಲಾಳದ ಬೆಲೆಯೂ ಗೊತ್ತು, ಮೇವಿನ ಬೆಲೆಯೂ ಗೊತ್ತು. ಎರಡಕ್ಕೂ ಇರುವ ನಂಟನ್ನು ಮಾತ್ರ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಲೆಕ್ಕಕ್ಕೆ ಸಿಗದ ಕುದುರೆಗಳು

ಹೊಟ್ಟೆಯ ದಾರಿ ಸಿಕ್ಕಿತು, ಒಗಟು ಬಿಡಿಸಿದಂತಾಯಿತು ಎಂದು ವೈದ್ಯರು ನಿಟ್ಟುಸಿರು ಬಿಡುವಂತಿರಲಿಲ್ಲ. ಅವರ ಬಳಿಗೆ ಬರುತ್ತಿದ್ದ ಹೆಚ್ಚಿನ ಕುದುರೆಗಳಿಗೆ ಭೇದಿಯೂ ಇರಲಿಲ್ಲ, ಜ್ವರವೂ ಇರಲಿಲ್ಲ. ಚೆನ್ನಾಗಿ ತಿಂದುಂಡು ಕತ್ತಿನ ಮೇಲೆ, ಬಾಲದ ಬುಡದಲ್ಲಿ ಕೊಬ್ಬು ಕಟ್ಟಿಕೊಂಡ, ಪೋನಿ ಎಂಬ ಗಿಡ್ಡ ತಳಿಯ ಕುದುರೆಗಳು. ಚಿಗುರು ಹುಲ್ಲು ಮೇಯುತ್ತಿದ್ದವು. ವಯಸ್ಸಾಗಿ, ಪಿಟ್ಯುಟರಿ ಗ್ರಂಥಿ ಹದ ತಪ್ಪಿ, ಬೇಸಿಗೆಯಲ್ಲೂ ಮೈಕೂದಲು ಉದುರದ ಮುದಿ ಕುದುರೆಗಳು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಲು ಹಿಡಿದು ನಿಂತುಬಿಡುತ್ತಿದ್ದವು. ಗಂಜಿಯ ಕತೆ ಇವಕ್ಕೆ ಹೊಂದುತ್ತಿರಲಿಲ್ಲ.

1983ರಲ್ಲಿ ಕಾಫ್‌ಮನ್ ಮತ್ತು ಕೋಲ್ಸ್ ಎಂಬಿಬ್ಬರು ಈ ರೋಗ ಬಂದ ಪೋನಿಗಳಿಗೆ ಇನ್ಸುಲಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಆರೋಗ್ಯವಂತ ಪೋನಿಯಲ್ಲಿ ಇಳಿಯುವಷ್ಟು ಸಕ್ಕರೆ ಇವುಗಳಲ್ಲಿ ಇಳಿಯಲಿಲ್ಲ. ದೇಹ ಇನ್ಸುಲಿನ್ನಿನ ಮಾತು ಕೇಳುತ್ತಿರಲಿಲ್ಲ. ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಮನುಷ್ಯರಲ್ಲಿ ಟೈಪ್ 2 ಮಧುಮೇಹಕ್ಕೆ ಮುನ್ನ ಕಾಣುವ ಸ್ಥಿತಿ ಇದೇ. 2002ರ ಹೊತ್ತಿಗೆ ಫಿಲಿಪ್ ಜಾನ್ಸನ್ ಇದನ್ನು ಕುದುರೆಯ ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆದ.

ಸರಿ, ಇನ್ಸುಲಿನ್ ಮತ್ತು ಗೊರಸು ಜೊತೆಜೊತೆಯಾಗಿ ಕೆಡುತ್ತವೆ. ಯಾವುದು ಯಾವುದಕ್ಕೆ ಕಾರಣ? ಆಗ ಚಾಲ್ತಿಯಲ್ಲಿದ್ದ ವಿವರಣೆ ನೋಡಲು ಅಚ್ಚುಕಟ್ಟಾಗಿತ್ತು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ರಿಸ್ ಪೊಲಿಟ್ ಮತ್ತು ಸಂಗಡಿಗರು ಗೊರಸಿನ ಪದರದ ತುಣುಕುಗಳನ್ನು ಗ್ಲೂಕೋಸ್ ಇಲ್ಲದ ದ್ರವದಲ್ಲಿ ಇರಿಸಿದಾಗ ಅವು ಒಂದೆರಡು ದಿನದಲ್ಲೇ ಬಿಟ್ಟುಕೊಂಡಿದ್ದವು. ಹಾಗಾದರೆ ಇನ್ಸುಲಿನ್ ಕೆಲಸ ಮಾಡದ ಕುದುರೆಯ ಗೊರಸಿಗೆ ಗ್ಲೂಕೋಸ್ ಸಿಗದೆ, ಪದರ ಹಸಿದು ಕಳಚುತ್ತಿರಬೇಕು. ಈ ಊಹೆಯ ಪ್ರಕಾರ ಇನ್ಸುಲಿನ್ ಗೊರಸನ್ನು ಕಾಯುವ ವಸ್ತು, ಅದರ ಕೊರತೆಯೇ ಕೇಡು.

72 ಗಂಟೆಯೊಳಗೆ

ಕೇಟಿ ಆಸ್ಪ್ಲಿನ್, ಮಾರ್ಟಿನ್ ಸಿಲೆನ್ಸ್, ಕ್ರಿಸ್ ಪೊಲಿಟ್ ಮತ್ತು ಕ್ಯಾಥರೀನ್ ಮೆಕ್‌ಗೋವನ್ ಈ ಊಹೆಯ ಬುಡಕ್ಕೇ ಕೈಹಾಕಿದರು. ಅವರು ಆರಿಸಿಕೊಂಡದ್ದು ಒಂಬತ್ತು ಆರೋಗ್ಯವಂತ ಪೋನಿಗಳು. ವಯಸ್ಸು ಸರಾಸರಿ ಆರೇಳು ವರ್ಷ, ಕಾಲು ಗಟ್ಟಿ, ರಕ್ತದಲ್ಲಿ ಎಲ್ಲವೂ ಸರಿ. ಐದಕ್ಕೆ ರಕ್ತನಾಳದಲ್ಲಿ ಸತತವಾಗಿ ಇನ್ಸುಲಿನ್ ಹರಿಸಿದರು. ಇನ್ಸುಲಿನ್ ಏರಿದರೆ ಸಕ್ಕರೆ ಕುಸಿಯುತ್ತದೆ. ಅದು ಕುಸಿಯದಂತೆ, ಮೇಲೆ ಮೇಲೆ ರಕ್ತ ಪರೀಕ್ಷಿಸುತ್ತ, ಬೇಕಾದಷ್ಟೇ ಗ್ಲೂಕೋಸನ್ನು ಜೊತೆಗೆ ಹರಿಸಿದರು. ಉಳಿದ ನಾಲ್ಕಕ್ಕೆ ಬರೀ ಉಪ್ಪುನೀರು.

ಈ ಪ್ರಯೋಗದ ಜಾಣತನ ಇರುವುದು ಅದು ಬಿಟ್ಟುಹಾಕಿದ ಸಂಗತಿಗಳಲ್ಲಿ. ಪೋನಿಗಳಿಗೆ ಕೊಬ್ಬಿಲ್ಲ, ಹೊಟ್ಟೆ ಕೆಟ್ಟಿಲ್ಲ, ಗಂಜಿ ಕುಡಿಸಿಲ್ಲ, ರಕ್ತದ ಸಕ್ಕರೆ ಹೆಚ್ಚಿಲ್ಲ ಕಡಿಮೆಯೂ ಇಲ್ಲ. ಬದಲಾದದ್ದು ಒಂದೇ ಒಂದು. ಉಪ್ಪುನೀರು ಪಡೆದ ಪೋನಿಗಳಲ್ಲಿ ಇನ್ಸುಲಿನ್ ಮಟ್ಟ ಸರಾಸರಿ 15 ಯುನಿಟ್ಟಿನ ಆಸುಪಾಸು ಇದ್ದರೆ, ಇನ್ಸುಲಿನ್ ಪಡೆದವುಗಳಲ್ಲಿ ಸಾವಿರ ದಾಟಿತ್ತು. ಹಸಿವಿನ ಊಹೆ ನಿಜವಾಗಿದ್ದರೆ ಈ ಐದು ಪೋನಿಗಳ ಗೊರಸು ಎಲ್ಲಕ್ಕಿಂತ ಚೆನ್ನಾಗಿರಬೇಕಿತ್ತು.

ಆದದ್ದು ತದ್ವಿರುದ್ಧ. ಮೂರು ದಿನ ತುಂಬುವುದರೊಳಗೆ, ಸರಾಸರಿ 55 ಗಂಟೆಗೆ, ಐದಕ್ಕೆ ಐದೂ ಪೋನಿಗಳು ಓಬೆಲ್ ಎರಡನೇ ದರ್ಜೆಯ ಲ್ಯಾಮಿನೈಟಿಸ್‌ಗೆ ತುತ್ತಾದವು. ಅದೂ ನಾಲ್ಕೂ ಕಾಲಿನಲ್ಲಿ. ಉಪ್ಪುನೀರು ಪಡೆದ ನಾಲ್ಕರಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಕಾಯುವವ ಎಂದುಕೊಂಡಿದ್ದ ಇನ್ಸುಲಿನ್ನೇ ಕೊಲ್ಲುವವನಾಗಿತ್ತು.

2007ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಪೋನಿಗಳ ಮಾತು ಬಿಡಿ, ಅವುಗಳ ಜಾತಿಯೇ ಹಾಗೆ ಎನ್ನುವವರಿದ್ದರು. ಮೆಲಡಿ ಡಿ ಲಾಟ್ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಓಟದ ಮೈಕಟ್ಟಿನ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದರು. ಇನ್ಸುಲಿನ್ ಪಡೆದ ನಾಲ್ಕಕ್ಕೆ ನಾಲ್ಕೂ 48 ಗಂಟೆಯೊಳಗೆ ಕಾಲು ಹಿಡಿದು ನಿಂತವು. ಮುಂದೆ ಆಸ್ಪ್ಲಿನ್ ತಂಡವೇ, ಗೊರಸಿನ ಪದರ ಗ್ಲೂಕೋಸ್ ಹೀರಲು ಇನ್ಸುಲಿನ್ನಿನ ಹಂಗನ್ನೇ ಅಷ್ಟಾಗಿ ಕಾಯುವುದಿಲ್ಲ ಎಂದು ತೋರಿಸಿತು. ಹಸಿವಿನ ಊಹೆ ಅಲ್ಲಿಗೆ ಬಿದ್ದುಹೋಯಿತು. ಇದು ಪ್ರಯೋಗಶಾಲೆಯ ಮಾತಷ್ಟೇ ಎನ್ನುವ ಹಾಗೂ ಉಳಿಯಲಿಲ್ಲ. ಫಿನ್‌ಲೆಂಡಿನ ಪಶುವೈದ್ಯಕೀಯ ಆಸ್ಪತ್ರೆಗೆ ಲ್ಯಾಮಿನೈಟಿಸ್ ಎಂದು ಬಂದ 36 ಕುದುರೆಗಳನ್ನು ಕರಿಕೋಸ್ಕಿ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ಬರೆದರು: ಶೇ. 89ರಷ್ಟು ಕುದುರೆಗಳಲ್ಲಿ ಹಾರ್ಮೋನಿನ ಏರುಪೇರಿನ ಗುರುತು ಇತ್ತು.

ಇನ್ಸುಲಿನ್ ಪದರವನ್ನು ಹೇಗೆ ಸಡಿಲಿಸುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳ ನಡುವೆ ವಾದ ಮುಗಿದಿಲ್ಲ. ಗೊರಸಿನ ಪದರದಲ್ಲಿ ಇನ್ಸುಲಿನ್ ಗ್ರಾಹಕಗಳು ವಿರಳ. ಇನ್ಸುಲಿನ್ನನ್ನೇ ಹೋಲುವ, ಬೆಳವಣಿಗೆಗೆ ಪ್ರಚೋದನೆ ಕೊಡುವ ಐಜಿಎಫ್-1 ಎಂಬ ಹಾರ್ಮೋನಿನ ಗ್ರಾಹಕಗಳು ಹೇರಳ. ಇನ್ಸುಲಿನ್ ಮಿತಿಮೀರಿದಾಗ ಆ ಗ್ರಾಹಕಗಳು ಎಚ್ಚೆತ್ತು, ಜೀವಕೋಶಗಳು ಹಿಗ್ಗಿ ಪದರ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹಿಡಿತ ತೆಳುವಾಗುತ್ತದೆ ಎಂಬ ವಿವರಣೆಗೆ ಸದ್ಯ ಹೆಚ್ಚು ಬಲವಿದೆ.

ಬೆಳಗೊಳದ ಓದುಗರು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಆ ಪೋನಿಗಳು ಏನಾದವು? ನೋವು ಎರಡನೇ ದರ್ಜೆ ಮುಟ್ಟಿದ ಕೂಡಲೇ ಅವುಗಳಿಗೆ ದಯಾಮರಣ ಕೊಟ್ಟು ಗೊರಸನ್ನು ಪರೀಕ್ಷಿಸಿದರು. ಈ ತಿಳಿವಳಿಕೆ ಪುಕ್ಕಟೆಯಾಗಿ ಬಂದದ್ದಲ್ಲ. ಹಾಗಿರುವಾಗ ಅದನ್ನು ಬಳಸದೆ ಬಿಡುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಐಸ್ ನೀರಿನಲ್ಲಿ ಒಂದು ಕಾಲು

ಕಾರಣ ಹುಡುಕುವ ಈ ಓಟದ ನಡುವೆ ಚಿಕಿತ್ಸೆಯ ಕಡೆಯಿಂದಲೂ ಒಂದು ಸೊಗಸಾದ ಪ್ರಯೋಗ ನಡೆಯಿತು. ನಡೆಸಿದವರು ಆಂಡ್ರೂ ವ್ಯಾನ್ ಎಪ್ಸ್ ಮತ್ತು ಪೊಲಿಟ್, ಪ್ರಕಟವಾದದ್ದು 2004ರಲ್ಲಿ. ಆರು ಕುದುರೆಗಳಿಗೆ ಕರುಳಿನ ದಾರಿಯಿಂದ ಲ್ಯಾಮಿನೈಟಿಸ್ ಬರುವಂತೆ ಸಕ್ಕರೆಯ ಸಂಯುಕ್ತವೊಂದನ್ನು ಕುಡಿಸಿದರು. ಪ್ರತಿ ಕುದುರೆಯ ಒಂದು ಮುಂಗಾಲನ್ನು ಮಾತ್ರ ಐಸ್ ನೀರಿನಲ್ಲಿ 48 ಗಂಟೆ ಮುಳುಗಿಸಿಟ್ಟರು. ಒಂದೇ ಕುದುರೆ, ಒಂದೇ ರಕ್ತ, ಒಂದೇ ವಿಷ. ಕೊನೆಗೆ ನೋಡಿದರೆ ತಣ್ಣಗಿಟ್ಟ ಕಾಲಿನಲ್ಲಿ ಪದರಗಳಿಗೆ ಆದ ಹಾನಿ ತೀರ ಕಡಿಮೆ, ಪಕ್ಕದ ಕಾಲುಗಳಲ್ಲಿ ಎದ್ದು ಕಾಣುವಷ್ಟು. ಚಳಿ ಗೊರಸಿನೊಳಗಿನ ರಾಸಾಯನಿಕ ಚಟುವಟಿಕೆಯನ್ನು ನಿಧಾನಗೊಳಿಸಿ ಪದರವನ್ನು ಉಳಿಸಿತ್ತು. ಇನ್ಸುಲಿನ್ನಿನಿಂದ ಬರಿಸಿದ ಲ್ಯಾಮಿನೈಟಿಸ್‌ನಲ್ಲೂ ಶೀತೋಪಚಾರ ಪದರ ಕಳಚುವುದನ್ನು ತಡೆಯುತ್ತದೆ ಎಂದು 2019ರಲ್ಲಿ ಗೊತ್ತಾಯಿತು.

ಮೂಲಕ್ಕೇ ಕೈಹಾಕುವ ಔಷಧಗಳೂ ಬಂದಿವೆ. ಮನುಷ್ಯರ ಮಧುಮೇಹಕ್ಕೆ ಬಳಸುವ, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಗ್ಲಿಫ್ಲೋಜಿನ್ ಗುಂಪಿನ ವೆಲಾಗ್ಲಿಫ್ಲೋಜಿನ್ ಎಂಬ ಔಷಧವನ್ನು ಪೋನಿಗಳಿಗೆ ಕೊಟ್ಟು, ಸಕ್ಕರೆ ಹೆಚ್ಚಿರುವ ಮೇವು ತಿನ್ನಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಔಷಧ ಪಡೆದ ಒಂದಕ್ಕೂ ರೋಗ ಬರಲಿಲ್ಲ. ಪಡೆಯದವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವು ಕುಂಟಿದವು.

ಬರಿಗಾಲಿನ ತಪ್ಪಲ್ಲ

ಬರಿಗಾಲ ಕುದುರೆ ದಿಢೀರನೆ ಕಾಲು ನೋಯಿಸಿಕೊಂಡರೆ ಎಲ್ಲಕ್ಕೂ ಇನ್ಸುಲಿನ್ನನ್ನೇ ದೂರುವಂತಿಲ್ಲ. ಒಂದೇ ಕಾಲು, ನೆಲಕ್ಕೆ ಊರಲಾರದಷ್ಟು ನೋವು, ಗೊರಸು ಬಿಸಿ: ಇಂಥ ಕಡೆ ಮೊದಲ ಗುಮಾನಿ ಗೊರಸಿನೊಳಗಿನ ಕೀವಿನ ಮೇಲೆ. ಮಳೆಗಾಲದಲ್ಲಿ ಕೆಸರಿನಿಂದ ಗೊರಸು ಮೆತ್ತಗಾಗಿ, ಬಿರುಕಿನಲ್ಲಿ ಕೊಳೆ ಸೇರಿ ಕೀವು ಕಟ್ಟುವುದು ಸಾಮಾನ್ಯ. ವೈದ್ಯರು ಜಾಗ ಗುರುತಿಸಿ ಕೀವು ಹೊರಬಿಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಜಲ್ಲಿ ರಸ್ತೆಯ ಸವಾರಿಯ ಮಾರನೇ ದಿನದ ನೋವಾದರೆ ಅಂಗಾಲು ಜಜ್ಜಿರಬಹುದು. ಗೊರಸನ್ನು ಆಗಷ್ಟೇ ಕತ್ತರಿಸಿದ್ದರೆ ಅಂಗಾಲು ತೆಳುವಾಗಿರಬಹುದು.

ಎರಡೂ ಮುಂಗಾಲು ಒಟ್ಟಿಗೆ ನೋಯುತ್ತಿದ್ದರೆ, ಮೆತ್ತನೆಯ ಮಣ್ಣಿನಲ್ಲಿ ಪರವಾಗಿಲ್ಲ, ಗಟ್ಟಿ ನೆಲದಲ್ಲಿ ಮೊಟಕು ಹೆಜ್ಜೆ ಎನ್ನುವಂತಿದ್ದರೆ ಲ್ಯಾಮಿನೈಟಿಸ್ ಎಂದೇ ಹೊರಡಬೇಕು. ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ, ಎರಡೂ ಪಕ್ಕದಲ್ಲಿ, ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಹುಡುಕಿದರೂ ಕಷ್ಟಪಟ್ಟು ಸಿಗುವ ಈ ನಾಡಿ, ಗೊರಸಿನೊಳಗೆ ಉರಿಯೂತ ಇದ್ದಾಗ ಬೆರಳನ್ನು ಗುದ್ದುವಂತೆ ಹೊಡೆಯುತ್ತದೆ. ಚೆನ್ನಾಗಿರುವಾಗಲೇ ನಾಲ್ಕಾರು ಬಾರಿ ಮುಟ್ಟಿ ರೂಢಿ ಮಾಡಿಕೊಂಡವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಆಗ ಮಾಡಬಾರದ ಕೆಲಸ, ನಡೆಸಿದರೆ ಸರಿಹೋಗುತ್ತದೆ ಎಂದು ಎಳೆದಾಡುವುದು. ಪದರ ಕಳಚುತ್ತಿರುವಾಗ ಇಡುವ ಪ್ರತಿ ಹೆಜ್ಜೆಯೂ ಮೂಳೆಯನ್ನು ಇನ್ನಷ್ಟು ಜಾರಿಸುತ್ತದೆ. ಮೆತ್ತನೆಯ ಮರಳು ಅಥವಾ ದಪ್ಪನೆಯ ಹುಲ್ಲುಹಾಸಿನ ಮೇಲೆ ನಿಲ್ಲಿಸಿ, ಗೊರಸು ಮತ್ತು ಅದರ ಮೇಲಿನ ಗಂಟಿನವರೆಗೆ ಐಸ್ ನೀರಿನಲ್ಲಿ ಇರಿಸಿ, ಕಾಳು, ಬೆಲ್ಲ, ತವುಡು, ಎಳೆಹುಲ್ಲು ಎಲ್ಲ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ನಿಲ್ಲಿಸಬೇಕಾದ್ದು ಕಾಳನ್ನು, ಮೇವನ್ನಲ್ಲ. ಕೊಬ್ಬಿದ ಪೋನಿಯನ್ನು ಪೂರ್ತಿ ಉಪವಾಸ ಕೆಡವಿದರೆ ರಕ್ತಕ್ಕೆ ಕೊಬ್ಬು ಇಳಿದು ಜೀವಕ್ಕೇ ಅಪಾಯ. ನೀರಿನಲ್ಲಿ ನೆನೆಸಿ ಸೋಸಿದ ಒಣಹುಲ್ಲು ಕೊಡಬಹುದು. ನೆನೆಸಿದಾಗ ಅದರ ಸಕ್ಕರೆ ಒಂದಷ್ಟು ಕರಗಿ ಹೋಗುತ್ತದೆ. ನೋವು ಇಳಿದ ಮೇಲೆ ರಕ್ತದ ಇನ್ಸುಲಿನ್ ಪರೀಕ್ಷೆಯನ್ನೂ ಗೊರಸಿನ ಎಕ್ಸ್‌ರೇಯನ್ನೂ ಮಾಡಿಸಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಈ ಸೀಮೆಯವರು ಸಲಹೆಗೆ ಬಹಳ ದೂರ ಹೋಗಬೇಕಿಲ್ಲ.

ಯುರೋಪಿನ ಪುಸ್ತಕಗಳು ಹುಲ್ಲುಗಾವಲಿನ ಬಗ್ಗೆ ಎಚ್ಚರಿಸುತ್ತವೆ. ಅಲ್ಲಿನ ಚಳಿನಾಡಿನ ಹುಲ್ಲು ಫ್ರಕ್ಟಾನ್ ಎಂಬ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತದೆ. ನಮ್ಮ ಬಿಸಿಲುನಾಡಿನ ಹುಲ್ಲುಗಳಲ್ಲಿ ಅದು ಅಷ್ಟಿಲ್ಲ. ನಮ್ಮಲ್ಲಿ ಅಪಾಯ ಹೆಚ್ಚಾಗಿ ಇರುವುದು ಮೂಟೆಯಲ್ಲಿ, ಪ್ರೀತಿಯಿಂದ ಚಾಚಿದ ಅಂಗೈಯಲ್ಲಿ. ಗಾಡಿ ಎಳೆದು, ಓಟ ಓಡಿ ದಣಿಯುವ ಕುದುರೆಗೆ ಹುರುಳಿ, ಕಡಲೆ ದಕ್ಕುತ್ತದೆ. ಅದೇ ಕುದುರೆ ಕೆಲಸದಿಂದ ನಿವೃತ್ತಿಯಾಗಿ, ತೋಟದ ಮೂಲೆಯಲ್ಲಿ ಬರಿಗಾಲಲ್ಲಿ ನಿಂತು, ಬಂದವರೆಲ್ಲ ಕೊಡುವ ಬೆಲ್ಲ ತಿನ್ನುತ್ತ ಕತ್ತು ದಪ್ಪ ಮಾಡಿಕೊಂಡಾಗ, ಹಿಂದಿನ ಪಡಿಯೇ ವಿಷವಾಗುತ್ತದೆ. ವಸ್ಸಾಫ್ ಕಂಡ ಲಾಯದ ಕುದುರೆಗಳೆಲ್ಲ ಇದೇ ರೋಗದಿಂದ ಕೆಟ್ಟವು ಎಂದು ಸಾಧಿಸಲಾಗದು. ಸೆಖೆ, ಹೊಸ ರೋಗಗಳು, ಕಡಲ ಪಯಣದ ಬಳಲಿಕೆ ಎಲ್ಲವೂ ಸೇರಿದ್ದವು. ಆದರೆ ದುಡಿಮೆ ಇಲ್ಲದೆ ಕಟ್ಟಿಹಾಕಿ ಕಾಳು ತಿನ್ನಿಸಿ ಕೊಬ್ಬಿಸುವ ಆ ಪದ್ಧತಿ, ಕುದುರೆಯ ರಕ್ತದಲ್ಲಿ ಇನ್ಸುಲಿನ್ ಏರಿಸಲು ಇಂದಿನ ವಿಜ್ಞಾನಿ ಹೇಳಬಹುದಾದ ಪಾಕವೇ ಸರಿ.

ಲಾಳ ಹೊಡೆಸಬೇಕೋ ಬೇಡವೋ ಎಂಬ ಚರ್ಚೆ ಕುದುರೆ ಸಾಕುವವರಲ್ಲಿ ಮುಗಿಯುವಂಥದ್ದಲ್ಲ. ಓಡುವ ನೆಲ, ಮಾಡುವ ಕೆಲಸ ನೋಡಿ ಅದನ್ನು ತೀರ್ಮಾನಿಸಲಿ. ಪದರ ಸಡಿಲಾಗುತ್ತಿರುವ ಗೊರಸಿನ ಕಾರಣವನ್ನಂತೂ ಯಾವ ಲಾಳವೂ ತೆಗೆದುಹಾಕುವುದಿಲ್ಲ. ಆದ್ದರಿಂದ ಕುದುರೆ ಸಾಕಿದವರಿಗೆ ಒಂದೇ ಕೋರಿಕೆ: ಕಾಲು ನೋವೆಂದು ಕುದುರೆ ನಿಂತ ದಿನ ಲಾಳದವನಿಗೆ ಹೇಳಿಕಳಿಸುವ ಮೊದಲು ಕಾಳಿನ ಡಬ್ಬಕ್ಕೆ ಬೀಗ ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ.